ಬಿಆರ್‌ಟಿ ಲೈನಿಗೆ ನಾಲ್ಕು ಆಯ್ಕೆ ಮುಂದಿಟ್ಟಿದ್ದಾರೆ. 24 ಬಸ್ಸಿನಲ್ಲಿ ಯಾವುದು ಒಳ್ಳೆಯದು?

ಪಾಳಿಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಿನಾ ಓಡಾಡುವ ರಸ್ತೆಯ ನಡುವೆ ಬಸ್ಸಿಗೆಂದೇ ಪ್ರತ್ಯೇಕ ಪಥ, ಅಂದರೆ ಬಿಆರ್‌ಟಿ, ತಯಾರಾಗುತ್ತಿದೆ. 18 ಕಿ.ಮೀ. ಉದ್ದ, 24 ನಿಲ್ದಾಣ. ಪಥ ಎಲ್ಲಿ ಹೋಗಬೇಕು ಅನ್ನುವುದು ತೀರ್ಮಾನ ಆಗಿ ಹೋಗಿದೆ. ಅದರ ಮೇಲೆ ಬಸ್ ಹೇಗೆ ಓಡಬೇಕು ಅಂತ ನಾಲ್ಕು ಆಯ್ಕೆ ಕೊಟ್ಟು ಜನರ ಅಭಿಪ್ರಾಯ ಕೇಳಿದ್ದಾರೆ. ನಾಲ್ಕಕ್ಕೂ ಬಸ್ಸಿನ ಲೆಕ್ಕ ಒಂದೇ, 24.

ಒಂದನೆಯದು: ಪಥದೊಳಗೆ ಬಿಆರ್‌ಟಿ ಬಸ್ಸು ಮಾತ್ರ, ಎಲ್ಲವೂ ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತವೆ. ಆಚೆ ಬಡಾವಣೆಗಳಿಂದ ಫೀಡರ್ ಬಸ್ಸಿನಲ್ಲಿ ಬಂದು ಬದಲಾಯಿಸಬೇಕು. ಎರಡನೆಯದು: ಅರ್ಧ ಬಸ್ ಎಲ್ಲ ಕಡೆ ನಿಲ್ಲುತ್ತವೆ, ಅರ್ಧ ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್ 10 ದೊಡ್ಡ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುತ್ತದೆ. ಮೂರನೆಯದು: ಈಗ ಓಡುತ್ತಿರುವ ಮಾಮೂಲಿ ರೂಟುಗಳೇ ಪಥದೊಳಗೆ ಬಂದು, ಒಂದಷ್ಟು ದೂರ ಹೋಗಿ, ಮತ್ತೆ ಹೊರಗೆ ಹೋಗುತ್ತವೆ. ನಾಲ್ಕನೆಯದು: ಒಂದು ಬಸ್ ಪೂರ್ತಿ ಲೈನು, ಮುಂದಿನದು ನಡುವಿನ 9 ಕಿ.ಮೀ. ಮಾತ್ರ ಓಡಿ ತಿರುಗುತ್ತದೆ.

ನಾನು ಆಸ್ಪತ್ರೆಯಲ್ಲಿ ನರ್ಸ್. ನನ್ನ ಮನೆ ಲೈನಿನ ಕೊನೆಯಿಂದ 3 ಕಿ.ಮೀ. ಆಚೆ. ಆಸ್ಪತ್ರೆ ಇರುವುದು ನಡುಭಾಗದ ಒಂದು ಸಣ್ಣ ನಿಲ್ದಾಣದ ಹತ್ತಿರ. ಎಕ್ಸ್‌ಪ್ರೆಸ್ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಈಗ ನನಗೆ ನೇರ ಬಸ್ ಇದೆ. ನಿಧಾನ, ಆದರೆ ಒಮ್ಮೆ ಕೂತರೆ ಇಳಿಯುವುದು ಆಸ್ಪತ್ರೆ ಹತ್ತಿರವೇ. ಮಧ್ಯಾಹ್ನದ ಪಾಳಿ ಇದ್ದಾಗ ಬಿಡುವುದು ರಾತ್ರಿ 9ಕ್ಕೆ. ಆ ಹೊತ್ತಿನಲ್ಲಿ ಕೈಕಾಲು ಸೋತಿರುತ್ತವೆ.

ಕೊಟ್ಟಿರುವ ಕಾಗದದಲ್ಲಿ ಪ್ರತಿ ಆಯ್ಕೆಗೂ 'ಸರಾಸರಿ ವೇಗ' ಅಂತ ಒಂದು ಅಂಕಿ ಇದೆ. ಎರಡನೆಯದಕ್ಕೆ ಎಲ್ಲಕ್ಕಿಂತ ಜಾಸ್ತಿ. ನಮ್ಮ ಬಡಾವಣೆಯ ಗುಂಪಿನಲ್ಲಿ ಎಲ್ಲರೂ ಅದನ್ನೇ ನೋಡಿ ಎಕ್ಸ್‌ಪ್ರೆಸ್‌ಗೆ ಕೈ ಎತ್ತುತ್ತಿದ್ದಾರೆ. ಬರೀ ಆ ಒಂದು ಅಂಕಿ ನೋಡಿ ಹೇಳುವುದು ಸರಿಯಾ? ಇನ್ನೇನು ನೋಡಬೇಕು? ಗುಂಪಿನ ಪರವಾಗಿ ಕಾಗದ ಬರೆಯುವುದು ನಾನೇ. ತಿಳಿದವರು ಬಿಡಿಸಿ ಹೇಳಿ.

ಶೆಡ್ಯೂಲ್ ಬರೆದವನು:

ನಾನು ಬಸ್ ಡಿಪೋದಲ್ಲಿ ಶೆಡ್ಯೂಲ್ ಬರೆಯುವ ಕೆಲಸ ಮಾಡಿದವನು. ನಿಮ್ಮ ಪ್ರಶ್ನೆ ನನ್ನ ಕೆಲಸದ ನಡುಮಧ್ಯದ್ದು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊಟ್ಟಮೊದಲು ಕೇಳಬೇಕಾದ್ದು ಬೇರೆಯೇ ಇದೆ. 24 ಬಸ್ ಅಂದರೆ ರಸ್ತೆ ಮೇಲೆ ಓಡುವ 24 ಬಸ್ಸೋ, ಡಿಪೋದಲ್ಲಿ ರಿಪೇರಿಗೆ ನಿಂತವೂ ಸೇರಿ 24 ಬಸ್ಸೋ? ಹತ್ತಕ್ಕೆ ಒಂದಾದರೂ ಮೀಸಲು ಇಟ್ಟುಕೊಳ್ಳದೆ ಯಾವ ಡಿಪೋನೂ ನಡೆಯುವುದಿಲ್ಲ. ಅದೂ ಸೇರಿದ್ದರೆ ಓಡುವುದು 21 ಅಥವಾ 22. ಆಗ ಕಾಗದದಲ್ಲಿರುವ ಎಲ್ಲ ಅಂಕಿಯೂ ಬದಲಾಗುತ್ತದೆ. ಸದ್ಯಕ್ಕೆ 24 ಬಸ್ಸೂ ಓಡುತ್ತವೆ ಅಂತ ಇಟ್ಟುಕೊಳ್ಳೋಣ.

ಈಗ ಒಂದನೇ ಆಯ್ಕೆ. ನಿಲ್ದಾಣ, ಸಿಗ್ನಲ್ ಎಲ್ಲ ಸೇರಿ ಗಂಟೆಗೆ 20 ಕಿ.ಮೀ. ವೇಗ ಅಂತ ಹಿಡಿಯಿರಿ. 18 ಕಿ.ಮೀ.ಗೆ 54 ನಿಮಿಷ. ಹೋಗಿ ಬರಲು 108. ಎರಡೂ ತುದಿಯಲ್ಲಿ ಡ್ರೈವರ್ ಇಳಿದು ನೀರು ಕುಡಿಯಲು, ತಡವಾಗಿದ್ದರೆ ಸರಿದೂಗಿಸಲು ತಲಾ 6 ನಿಮಿಷ. ಒಟ್ಟು 120 ನಿಮಿಷ. ಇದಕ್ಕೆ ಸೈಕಲ್ ಟೈಮ್ ಅನ್ನುತ್ತಾರೆ. 120ನ್ನು 24 ಬಸ್ಸಿನಿಂದ ಭಾಗಿಸಿದರೆ 5. ಅಂದರೆ ಪ್ರತಿ ನಿಲ್ದಾಣಕ್ಕೂ 5 ನಿಮಿಷಕ್ಕೊಂದು ಬಸ್. ಸರಾಸರಿ ಕಾಯುವುದು ಎರಡೂವರೆ ನಿಮಿಷ. ಟೈಮ್‌ಟೇಬಲ್ ನೋಡುವ ಗೋಜೇ ಇಲ್ಲ, ಹೋಗಿ ನಿಂತರೆ ಆಯಿತು.

ಎರಡನೆಯದಕ್ಕೆ ಬನ್ನಿ. ಎಕ್ಸ್‌ಪ್ರೆಸ್ 14 ನಿಲ್ದಾಣ ಬಿಡುತ್ತದೆ. ಒಂದು ನಿಲ್ದಾಣ ಬಿಟ್ಟರೆ ಬ್ರೇಕ್ ಹಾಕುವುದು, ಬಾಗಿಲು ತೆಗೆಯುವುದು, ಮತ್ತೆ ವೇಗ ಹಿಡಿಯುವುದು ಎಲ್ಲ ಸೇರಿ ಸುಮಾರು 30 ಸೆಕೆಂಡ್ ಉಳಿಯುತ್ತದೆ. ಸಿಗ್ನಲ್‌ನಲ್ಲಿ ನಿಲ್ಲುವುದು ಎರಡಕ್ಕೂ ಒಂದೇ. ಹಾಗಾಗಿ ತುದಿಯಿಂದ ತುದಿಗೆ ಉಳಿತಾಯ 7 ನಿಮಿಷ. 54 ಇದ್ದದ್ದು 47 ಆಗುತ್ತದೆ. ಕಾಗದದಲ್ಲಿ ನೀವು ನೋಡಿದ 'ಜಾಸ್ತಿ ವೇಗ' ಇದೇ.

ಈ 7 ನಿಮಿಷ ಯಾರಿಗೆ ಸಿಗುತ್ತದೆ ನೋಡಿ. ಬಸ್ಸು ಅರ್ಧರ್ಧ ಹಂಚಿ, ಒಂದಾದ ಮೇಲೊಂದು ಸರದಿಯಂತೆ ಬಿಟ್ಟರೆ ಎಕ್ಸ್‌ಪ್ರೆಸ್ 10 ನಿಮಿಷಕ್ಕೊಂದು, ಎಲ್ಲ ಕಡೆ ನಿಲ್ಲುವುದೂ 10 ನಿಮಿಷಕ್ಕೊಂದು. ನಿಮ್ಮ ಆಸ್ಪತ್ರೆ ನಿಲ್ದಾಣದಲ್ಲಿ ಎರಡೂವರೆ ನಿಮಿಷದ ಕಾಯುವಿಕೆ 5 ಆಯಿತು. ಒಂದು ಬಸ್ ತಪ್ಪಿದರೆ ಪೂರ್ತಿ 10. ನಿಮಗೆ ವೇಗದಲ್ಲಿ ಒಂದು ಸೆಕೆಂಡೂ ಲಾಭವಿಲ್ಲ. ದೊಡ್ಡ ನಿಲ್ದಾಣದಿಂದ ದೊಡ್ಡ ನಿಲ್ದಾಣಕ್ಕೆ 6 ಕಿ.ಮೀ. ಹೋಗುವವರನ್ನು ತೆಗೆದುಕೊಳ್ಳಿ. ಅವರಿಗೆ ನಡುವೆ ನಾಲ್ಕೈದು ನಿಲ್ದಾಣ ತಪ್ಪುತ್ತದೆ, ಎರಡು ಎರಡೂವರೆ ನಿಮಿಷ ಉಳಿಯುತ್ತದೆ. ಆದರೆ ಎಕ್ಸ್‌ಪ್ರೆಸ್ಸೇ ಬೇಕು ಅಂತ ಕಾದರೆ ಎರಡೂವರೆ ನಿಮಿಷ ಜಾಸ್ತಿ ಕಾಯಬೇಕು. ಲಾಭ ಸೊನ್ನೆ. ಈ ತುದಿಯಿಂದ ಆ ತುದಿಗೆ ಹೋಗುವವರಿಗೆ ಮಾತ್ರ ನಾಲ್ಕೂವರೆ ನಿಮಿಷ ಮಿಗುತ್ತದೆ. ಸಾರಿಗೆ ಲೆಕ್ಕ ಹಾಕುವವರು ನಿಂತು ಕಾಯುವ ಒಂದು ನಿಮಿಷವನ್ನು ಕೂತು ಹೋಗುವ ಎರಡು ನಿಮಿಷಕ್ಕೆ ಸಮ ಅಂತ ಹಿಡಿಯುವುದು ವಾಡಿಕೆ. ಹಾಗೆ ಹಿಡಿದರೆ ಅವರ ಲಾಭವೂ ಎರಡು ನಿಮಿಷಕ್ಕೆ ಇಳಿಯುತ್ತದೆ.

ಇನ್ನೊಂದು ವಿಷಯ. ನಿಲ್ದಾಣಗಳಲ್ಲಿ ಹಿಂದಿನ ಬಸ್ ಮುಂದೆ ಹೋಗಲು ಎರಡನೇ ಪಥ ಇದೆಯಾ? ಇಲ್ಲದಿದ್ದರೆ ಎಕ್ಸ್‌ಪ್ರೆಸ್ ಅನ್ನುವುದು ಹೆಸರಿಗೆ ಮಾತ್ರ. ಮಾಮೂಲಿ ಬಸ್ ಹೊರಟ 5 ನಿಮಿಷಕ್ಕೆ ಎಕ್ಸ್‌ಪ್ರೆಸ್ ಹೊರಡುತ್ತದೆ ಅಂದುಕೊಳ್ಳಿ. ಹತ್ತು ನಿಲ್ದಾಣ ಬಿಡುವಷ್ಟರಲ್ಲಿ ಆ 5 ನಿಮಿಷ ಕರಗಿ, ಮುಂದಿನ ಬಸ್ಸಿನ ಬೆನ್ನಿಗೆ ಬಂದು ಬೀಳುತ್ತದೆ. ಆಮೇಲೆ ಅದು ನಿಂತಲ್ಲೆಲ್ಲ ಇದೂ ನಿಲ್ಲಬೇಕು. ಹೀಗಾಗದಿರಲಿ ಅಂತ ಎಕ್ಸ್‌ಪ್ರೆಸ್ಸನ್ನು 8 ನಿಮಿಷ ಬಿಟ್ಟು ಹೊರಡಿಸಬಹುದು. ಆಗ ಹೊರಡುವ ತುದಿಯಲ್ಲಿ ಒಮ್ಮೆ 8 ನಿಮಿಷದ ಖಾಲಿ, ಇನ್ನೊಮ್ಮೆ 2 ನಿಮಿಷಕ್ಕೇ ಬಸ್. 8 ನಿಮಿಷದ ಜನ ಎಲ್ಲ ಒಂದೇ ಬಸ್ಸಿಗೆ ನುಗ್ಗುತ್ತಾರೆ.

ಹಾಗಂತ ಎಕ್ಸ್‌ಪ್ರೆಸ್ ಕೆಟ್ಟದ್ದು ಅಲ್ಲ. ಕೊಲಂಬಿಯಾ ದೇಶದ ಬೊಗೋಟದ ಬಿಆರ್‌ಟಿ, ಟ್ರಾನ್ಸ್‌ಮಿಲೇನಿಯೊ, 2000ನೇ ಇಸವಿಯ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲ್ಲಿ ನಿಲ್ದಾಣಗಳಲ್ಲಿ ದಾಟಿ ಹೋಗಲು ಇನ್ನೊಂದು ಪಥ ಇದೆ. ಗಿಜಿಗುಡುವ ಹೊತ್ತಿನಲ್ಲಿ ಒಂದು ದಿಕ್ಕಿನಲ್ಲಿ ಗಂಟೆಗೆ 40,000ಕ್ಕೂ ಹೆಚ್ಚು ಜನರನ್ನು ಸಾಗಿಸುತ್ತಾರೆ. ಎಕ್ಸ್‌ಪ್ರೆಸ್ ಇಲ್ಲದಿದ್ದರೆ ಅಲ್ಲಿ ಕೆಲಸವೇ ನಡೆಯುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸುಮಾರು 22 ಕಿ.ಮೀ. ಲೈನಿನಲ್ಲೂ ನಿಲ್ದಾಣದ ಹತ್ತಿರ ದಾಟುವ ಪಥ ಇಟ್ಟಿದ್ದಾರೆ. ಅದಕ್ಕೇ ಅಲ್ಲಿ ಎಕ್ಸ್‌ಪ್ರೆಸ್ ಓಡಿಸಲು ಆಗುತ್ತದೆ. ನಿಮ್ಮಲ್ಲಿ 2 ನಿಮಿಷಕ್ಕೊಂದು ಬಸ್ ಬರುವಷ್ಟು ಜನ ಇದ್ದರೆ ನಾನೂ ಎಕ್ಸ್‌ಪ್ರೆಸ್ ಬೇಕು ಅನ್ನುತ್ತಿದ್ದೆ. ಆಗ ಅರ್ಧರ್ಧ ಹಂಚಿದರೂ ಕಾಯುವುದು ಒಂದೇ ನಿಮಿಷ ಜಾಸ್ತಿ, ಉಳಿಯುವುದು ಅದೇ 7. ಐದು ನಿಮಿಷಕ್ಕೊಂದು ಬಸ್ ಇರುವ ಲೈನನ್ನು ಎರಡಾಗಿ ಸೀಳಿದರೆ ಎರಡೂ ಸೊರಗುತ್ತವೆ.

ನಾಲ್ಕನೆಯದು ನನಗೆ ಇಷ್ಟವಾದ ಉಪಾಯ, ಆದರೆ ಅದಕ್ಕೂ ಯಾರಾದರೂ ಬೆಲೆ ತೆರಬೇಕು. ನಡುವಿನ 9 ಕಿ.ಮೀ. ಹೋಗಿ ಬಂದು ತಿರುಗಲು 66 ನಿಮಿಷ. 15 ಬಸ್ ಪೂರ್ತಿ ಲೈನಿಗೆ, 9 ಬಸ್ ನಡುಭಾಗಕ್ಕೆ ಹಾಕಿದರೆ ನಡುವೆ 4 ನಿಮಿಷಕ್ಕೊಂದು, ಎರಡೂ ತುದಿಗಳಲ್ಲಿ 8 ನಿಮಿಷಕ್ಕೊಂದು ಸಿಗುತ್ತದೆ. ನಡುಭಾಗದಲ್ಲಿ ಗಂಟೆಗೆ 12 ಬಸ್ ಇದ್ದದ್ದು 15 ಆಗುತ್ತದೆ. ಅಲ್ಲಿ ಬಾಗಿಲಲ್ಲಿ ನೇತಾಡುವಷ್ಟು ಜನ ಇದ್ದರೆ ಇದು ದೊಡ್ಡ ಲಾಭ. ಇಸ್ತಾಂಬುಲ್‌ನ ಮೆಟ್ರೊಬಸ್ 2007ರಲ್ಲಿ ಶುರುವಾದದ್ದು. ಈಗ 52 ಕಿ.ಮೀ. ಇದೆ. ಅಲ್ಲಿ ಹೀಗೇ ಒಂದರ ಮೇಲೊಂದು ಹೊದಿಸಿದ ರೂಟುಗಳು. 34ಜಿ ಪೂರ್ತಿ ಉದ್ದಕ್ಕೂ ಹೋಗುತ್ತದೆ, 34ಬಿಝಡ್, 34ಎಎಸ್ ಒಂದೊಂದು ಭಾಗ ಮಾತ್ರ. ಆದರೆ ನೀವು ತುದಿಯವರು. 5 ನಿಮಿಷ ಇದ್ದದ್ದು ನಿಮಗೆ 8 ಆಗುತ್ತದೆ. ನಡುವೆ ಬಸ್ ತಿರುಗಿಸಲು ಜಾಗ ಇದೆಯಾ ಅಂತಲೂ ಕೇಳಿ. ಪಥದಿಂದ ಹೊರಬಂದು, ಟ್ರಾಫಿಕ್‌ನಲ್ಲಿ ಸುತ್ತು ಹಾಕಿ ಮತ್ತೆ ಒಳಗೆ ಬರಬೇಕಾದರೆ ಆ 66 ನಿಮಿಷದ ಲೆಕ್ಕ ನಿಲ್ಲುವುದಿಲ್ಲ.

ಮೂರನೆಯದರ ಬಗ್ಗೆ ನಾಳೆ ಬರೆಯುತ್ತೇನೆ. ಅದು ಇನ್ನೂ ತೊಡಕಿನದ್ದು.

ತುದಿಯಿಂದ ತುದಿ:

ಮೇಲಿನ ಲೆಕ್ಕ ಸರಿ ಇರಬಹುದು. ಆದರೆ ನಾನು ಆ ನಾಲ್ಕೂವರೆ ನಿಮಿಷ ಮಿಗುವ ಮನುಷ್ಯ, ನನ್ನ ಮಾತೂ ಕೇಳಿ. ನನ್ನಂಥವರು ಈಗ ಬೈಕಿನಲ್ಲಿ ಹೋಗುತ್ತಿದ್ದೇವೆ. 54 ನಿಮಿಷ ಬಸ್ಸಿನಲ್ಲಿ ಕೂರಲು ನಾವು ಬರುವುದಿಲ್ಲ. ಪ್ರತಿ ಮುಕ್ಕಾಲು ಕಿ.ಮೀ.ಗೂ ಬಸ್ ನಿಂತು ಹೊರಡುತ್ತಿದ್ದರೆ ಗಡಿಯಾರದಲ್ಲಿ ಎಷ್ಟಾಯಿತು ಅನ್ನುವುದಕ್ಕಿಂತ ಆ ನಿಲ್ಲುವಿಕೆಯೇ ಮನಸ್ಸಿಗೆ ಬೇಸರ ತರುತ್ತದೆ. ಬ್ರೆಜಿಲ್ ದೇಶದ ಕುರಿಚಿಬಾದಲ್ಲಿ 1974ರಲ್ಲೇ ಬಸ್ ಪಥ ಮಾಡಿದರು. ಆದರೂ 1991ರಲ್ಲಿ ಕಡಿಮೆ ನಿಲ್ದಾಣದ ವೇಗದ ಬಸ್ಸನ್ನು ಬೇರೆಯಾಗಿ ತಂದರಲ್ಲ, ಸುಮ್ನೆ ತಂದರಾ? ದೂರದವರಿಗೆ ಬೇರೆ ಸೇವೆ ಬೇಕೇ ಬೇಕು.

ಪಾಳಿಯವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಲೈನು ಗೆಲ್ಲಬೇಕಾದರೆ ಹೊಸ ಜನ ಬಸ್ಸಿಗೆ ಬರಬೇಕು. ಈಗಾಗಲೇ ಬಸ್ಸಿನಲ್ಲಿರುವವರು ಹೇಗೂ ಇರುತ್ತಾರೆ.

ಶೆಡ್ಯೂಲ್ ಬರೆದವನು:

ತುದಿಯವರೇ, ನಿಮ್ಮ ಕೊನೆಯ ಸಾಲು ನನಗೆ ಒಪ್ಪಿಗೆ ಇಲ್ಲ. ಬಸ್ಸಿನಲ್ಲಿರುವವರು ಹೇಗೂ ಇರುತ್ತಾರೆ ಅಂತ ನಂಬಿ ಅವರ ಬಸ್ ಕಡಿಮೆ ಮಾಡಿದಲ್ಲೆಲ್ಲ ಅವರು ಒಬ್ಬೊಬ್ಬರಾಗಿ ಬೈಕ್ ತೆಗೆದುಕೊಂಡಿದ್ದಾರೆ. ಸಣ್ಣ ನಿಲ್ದಾಣದವರು ಬಿಟ್ಟು ಹೋದರೆ ಅದು ತಕ್ಷಣ ಯಾರ ಕಣ್ಣಿಗೂ ಬೀಳುವುದಿಲ್ಲ. ಟ್ರಿಪ್ ಶೀಟಿನಲ್ಲಿ ನಿಧಾನವಾಗಿ ಕಾಣುತ್ತದೆ.

ಕುರಿಚಿಬಾದ ವಿಷಯ ನಿಜ. ಆದರೆ ಆ ವೇಗದ ಬಸ್ಸುಗಳು ಹೆಚ್ಚಾಗಿ ಬೇರೆ ರಸ್ತೆಗಳಲ್ಲಿ ಓಡುತ್ತವೆ. ಪಥದೊಳಗಿನ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಳ್ಳುವ ಪ್ರಶ್ನೆ ಅಲ್ಲಿ ಬರಲಿಲ್ಲ. ಆ ಸೇವೆಗೆಂದೇ ಕೊಳವೆಯಾಕಾರದ ನಿಲ್ದಾಣ ಮಾಡಿ, ಒಳಗೆ ಹೋಗುವಾಗಲೇ ದುಡ್ಡು ಕಟ್ಟಿಸಿಕೊಂಡು, ಹತ್ತುವ ಹೊತ್ತನ್ನೂ ಕಡಿಮೆ ಮಾಡಿದರು. ವೇಗ ಬಂದದ್ದರಲ್ಲಿ ಅದರ ಪಾಲೂ ಇದೆ.

ನಿಮಗೆ ಬೇಕಾದ ವೇಗ ಎಲ್ಲರಿಗೂ ಸಿಗುವ ದಾರಿ ಅದೇ. ಪ್ರತಿ ನಿಲ್ದಾಣದಲ್ಲಿ 10 ಸೆಕೆಂಡ್ ಕಡಿಮೆ ನಿಂತರೆ 24 ನಿಲ್ದಾಣಕ್ಕೆ 4 ನಿಮಿಷ. ಟಿಕೆಟ್ ನಿಲ್ದಾಣದಲ್ಲೇ ಮುಗಿಯಬೇಕು. ಎಲ್ಲ ಬಾಗಿಲೂ ಒಟ್ಟಿಗೆ ತೆರೆಯಬೇಕು. ಪ್ಲಾಟ್‌ಫಾರ್ಮ್ ಮತ್ತು ಬಸ್ಸಿನ ನೆಲ ಒಂದೇ ಎತ್ತರ ಇರಬೇಕು. ಇಷ್ಟು ಮಾಡಿದರೆ 54 ಇದ್ದದ್ದು 50 ಆಗುತ್ತದೆ, ಸೈಕಲ್ ಟೈಮ್ 112ಕ್ಕೆ ಇಳಿಯುತ್ತದೆ, ಅದೇ 24 ಬಸ್ಸಿನಲ್ಲಿ ಐದರ ಬದಲು ನಾಲ್ಕೂ ಮುಕ್ಕಾಲು ನಿಮಿಷದೊಳಗೆ ಬಸ್ ಬರುತ್ತದೆ. ಇದರ ಮೇಲೆ ಬಸ್ ಹತ್ತಿರ ಬಂದಾಗ ಹಸಿರು ದೀಪ ಸ್ವಲ್ಪ ಉದ್ದ ಮಾಡುವ ಏರ್ಪಾಡು ಸೇರಿದರೆ ಇನ್ನೂ ಎರಡು ಮೂರು ನಿಮಿಷ ಇಳಿಯಬಹುದು. ಆಗ ನಿಮಗೂ ಹತ್ತಿರ ಹತ್ತಿರ ಎಕ್ಸ್‌ಪ್ರೆಸ್ ಹೊತ್ತೇ ಸಿಕ್ಕಿತು, ಯಾರ ಬಸ್ಸನ್ನೂ ಕಿತ್ತುಕೊಳ್ಳದೆ.

ಇನ್ನು ಮೂರನೇ ಆಯ್ಕೆ. ಹೊರಗಿನ ರೂಟುಗಳು ಒಳಗೆ ಬರುವುದು. ಬದಲಾಯಿಸುವ ತಾಪತ್ರಯ ಇಲ್ಲ, ಅದು ನಿಜವಾದ ದೊಡ್ಡ ಗುಣ. ಚೀನಾದ ಗ್ವಾಂಗ್‌ಝೌನಲ್ಲಿ 2010ರ ಫೆಬ್ರವರಿಯಲ್ಲಿ ಶುರುವಾದ 22.5 ಕಿ.ಮೀ. ಲೈನು ಇದೇ ರೀತಿಯದು. ದಿನಕ್ಕೆ 8 ಲಕ್ಷದಷ್ಟು ಜನ ಅದರಲ್ಲಿ ಓಡಾಡಿದ್ದಾರೆ. ಆದರೆ ಅಲ್ಲಿನ ನಿಲ್ದಾಣ ಹೇಗಿವೆ ಗೊತ್ತಾ? ರೈಲು ಪ್ಲಾಟ್‌ಫಾರ್ಮಿನಷ್ಟು ಉದ್ದ. ಸಾಲಾಗಿ ಹಲವು ಬಸ್ ಒಟ್ಟಿಗೆ ನಿಲ್ಲಬಹುದು, ಪಕ್ಕದಲ್ಲಿ ದಾಟುವ ಪಥ.

ನಿಮ್ಮ ನಿಲ್ದಾಣದಲ್ಲಿ ಒಂದು ಬಸ್ ನಿಲ್ಲುವ ಜಾಗ ಮಾತ್ರ ಇದ್ದರೆ ಲೆಕ್ಕ ಹೀಗೆ. ಒಂದು ಬಸ್ ಒಳಗೆ ಬಂದು, ಜನ ಇಳಿದು ಹತ್ತಿ, ಹೊರಡಲು 30 ಸೆಕೆಂಡ್. ಆ ಜಾಗ ಗಂಟೆಯ ಶೇಕಡ 40ರಷ್ಟು ಹೊತ್ತು ಮಾತ್ರ ತುಂಬಿರಬೇಕು. ಅದಕ್ಕಿಂತ ಜಾಸ್ತಿಯಾದರೆ ಹಿಂದೆ ಸಾಲು ಬೆಳೆಯಲು ಶುರುವಾಗುತ್ತದೆ. ಬಿಆರ್‌ಟಿ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಪಾಲಿಸುವ ಮಿತಿ ಇದು. ಅಂದರೆ ಗಂಟೆಗೆ 48 ಬಸ್. ಲೈನಿನ ಸ್ವಂತ 12 ಬಸ್ ಜೊತೆ ಹೊರಗಿನ ಆರು ರೂಟು 20 ನಿಮಿಷಕ್ಕೊಂದರಂತೆ ಬಂದರೆ ಒಟ್ಟು 30. ಆರಾಮ. ಹದಿನೈದು ರೂಟು 10 ನಿಮಿಷಕ್ಕೊಂದರಂತೆ ಬಂದರೆ ಬರೀ ಅವೇ 90. ಆಗ ನಿಮ್ಮ ಬಸ್ ನಿಲ್ದಾಣ ಕಾಣುತ್ತಿದ್ದರೂ ಅದರ ಹಿಂದೆ ನಿಂತಿರುತ್ತದೆ, ಬಾಗಿಲು ತೆರೆಯುವುದಿಲ್ಲ.

ಕೆನಡಾದ ಒಟ್ಟಾವಾದಲ್ಲಿ 1983ರಿಂದ ಇಂಥ ತೆರೆದ ಪಥ ಚೆನ್ನಾಗಿಯೇ ನಡೆಯಿತು. ಬೇರೆ ಬೇರೆ ಕಡೆಯ ಬಸ್ಸುಗಳೆಲ್ಲ ನಗರದ ನಡುವಿನ ಎರಡು ರಸ್ತೆಗೆ ಬಂದು ಸೇರುತ್ತಿದ್ದವು, ಅಲ್ಲಿ ಬಸ್ಸಿನ ಗೋಡೆಯೇ ಕಟ್ಟಿದಂತಾಗುತ್ತಿತ್ತು. 2019ರಲ್ಲಿ ಆ ಭಾಗಕ್ಕೆ ಸುರಂಗದಲ್ಲಿ ಲಘು ರೈಲು ತಂದರು. ಬ್ರಿಸ್ಬೇನ್‌ನಲ್ಲೂ ನಗರದ ನಡುವಿನ ಒಂದು ನಿಲ್ದಾಣದಲ್ಲಿ ಸಾಲು ಬೆಳೆದು, ಈಗ ದೊಡ್ಡ ಎರಡು ಕೀಲಿನ ಬಸ್ಸುಗಳನ್ನು ಪದೇ ಪದೇ ಓಡಿಸಿ ಹೊರಗಿನ ರೂಟು ಕಡಿಮೆ ಮಾಡುವ ದಾರಿ ಹಿಡಿದಿದ್ದಾರೆ.

ಹೊರಗಿನ ಟ್ರಾಫಿಕ್‌ನಲ್ಲಿ ಸಿಕ್ಕಿ ಬಂದ ಬಸ್ ತನ್ನ ತಡವನ್ನೂ ಜೊತೆಗೆ ಒಳಗೆ ತರುತ್ತದೆ ಅನ್ನುವುದು ಇನ್ನೊಂದು ಕಷ್ಟ. ಎರಡು ಬಸ್ ಒಟ್ಟಿಗೆ ಬಂದು ಆಮೇಲೆ 10 ನಿಮಿಷ ಏನೂ ಇಲ್ಲ ಅಂದರೆ, ಕಾಗದದ ಮೇಲೆ ಅದು 5 ನಿಮಿಷಕ್ಕೊಂದೇ. ನಿಂತವರಿಗೆ ಮಾತ್ರ 10 ನಿಮಿಷಕ್ಕೊಂದು. ಮೊದಲ ಬಸ್ ತುಂಬಿ ತುಳುಕುತ್ತದೆ, ಹಿಂದಿನದು ಖಾಲಿ ಬರುತ್ತದೆ.

ಸಮತಟ್ಟು:

ವೇಗ, ಕಾಯುವುದು ಎಲ್ಲ ಬಂತು. ಹತ್ತುವುದು ಹೇಗೆ ಅನ್ನುವುದೂ ಬರಲಿ. ನಾನು ಗಾಲಿಕುರ್ಚಿಯಲ್ಲಿ ಓಡಾಡುವವನು. ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಸಮ ಇದ್ದರೆ ನಾನು ಯಾರ ಸಹಾಯವೂ ಇಲ್ಲದೆ ಒಳಗೆ ಹೋಗುತ್ತೇನೆ. ನಡುವಿನ ಬಿರುಕು ನಾಲ್ಕು ಬೆರಳಿನಷ್ಟಾದರೆ ಮುಂದಿನ ಸಣ್ಣ ಚಕ್ರ ಅದರಲ್ಲಿ ಇಳಿದು ಕೂರುತ್ತದೆ. ಆಗ ಹಿಂದಿನಿಂದ ಇಬ್ಬರು ಎತ್ತಬೇಕು, ಬಸ್ಸಿನಲ್ಲಿರುವವರೆಲ್ಲ ನೋಡುತ್ತಾರೆ. ಡ್ರೈವರ್ ಪ್ಲಾಟ್‌ಫಾರ್ಮಿಗೆ ಎಷ್ಟು ಒತ್ತಿ ನಿಲ್ಲಿಸುತ್ತಾರೆ ಅನ್ನುವುದರ ಮೇಲೆ ನನ್ನ ದಿನ ನಿಂತಿದೆ.

ಮೂರನೇ ಆಯ್ಕೆಯಲ್ಲಿ ನನಗೆ ಹೆದರಿಕೆ ಇರುವುದು ಇಲ್ಲೇ. ರಸ್ತೆ ನಡುವಿನ ಎತ್ತರದ ನಿಲ್ದಾಣದ ನೆಲ ಸುಮಾರು 900 ಮಿ.ಮೀ. ಇರುತ್ತದೆ. ಬಾಗಿಲು ಆ ಬದಿಗೆ ಬೇಕು. ಅಹಮದಾಬಾದ್‌ನ ಜನಮಾರ್ಗದಲ್ಲಿ 2009ರಿಂದ ಹಾಗೇ ಇದೆ. ಹೊರಗಿನ ಮಾಮೂಲಿ ಬಸ್ಸಿಗೆ ಬಾಗಿಲು ಫುಟ್‌ಪಾತ್ ಬದಿಗೆ, ಹತ್ತಲು ಮೆಟ್ಟಿಲು. ಅದು ಒಳಗೆ ಬರಬೇಕಾದರೆ ಎರಡೂ ಬದಿಗೆ ಬಾಗಿಲಿರುವ ಬಸ್ಸೇ ಬೇಕು. ಬೊಗೋಟದಲ್ಲಿ ಅಂಥ ಬಸ್ಸುಗಳನ್ನು ತಂದಿದ್ದಾರೆ, ಆಗದ ಕೆಲಸ ಏನಲ್ಲ. ಆದರೆ ನಿಮ್ಮಲ್ಲಿ ಯಾವ ಬಸ್ ಅಂತ ಕಾಗದದಲ್ಲಿ ಬರೆದಿದ್ದಾರಾ? ಬರೆದಿಲ್ಲ ಅಂದರೆ ನಿಲ್ದಾಣವನ್ನೇ ರಸ್ತೆ ಅಂಚಿಗೆ ತಂದು, ಮೆಟ್ಟಿಲ ಬಸ್ಸನ್ನೇ ಓಡಿಸುವ ಅಪಾಯ ಇದೆ. ದಯವಿಟ್ಟು ಇದನ್ನು ಕೇಳಿ. ಗಾಲಿಕುರ್ಚಿಗೆ ಮಾತ್ರ ಅಲ್ಲ, ಆಸ್ಪತ್ರೆ ನಿಲ್ದಾಣದಲ್ಲಿ ಇಳಿಯುವವರು ಯಾರು ಅಂತ ನಿಮಗೇ ಗೊತ್ತು.

ಬಸ್ ಬದಲಾಯಿಸುವ ಜಾಗದ ಬಗ್ಗೆಯೂ ಒಂದು ಮಾತು. ಫೀಡರ್ ಅದೇ ಪ್ಲಾಟ್‌ಫಾರ್ಮಿನ ಇನ್ನೊಂದು ಬದಿಗೆ ಬಂದು ನಿಂತರೆ ಬದಲಾಯಿಸುವುದು ಏನೂ ಕಷ್ಟವಿಲ್ಲ. ರಸ್ತೆ ದಾಟಿ, ಮೇಲ್ಸೇತುವೆ ಹತ್ತಿ ಇಳಿದು ಹೋಗಬೇಕು ಅಂದರೆ ನನಗೆ ಆ ಲೈನೇ ಇಲ್ಲ.

ಪಾಳಿಯವಳು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ಸಮತಟ್ಟು ಅವರೇ, ನೀವು ಹೇಳಿದ್ದನ್ನು ದಿನಾ ನೋಡುತ್ತೇನೆ. ಮಂಡಿ ಶಸ್ತ್ರಚಿಕಿತ್ಸೆ ಆದವರು ತಪಾಸಣೆಗೆ ಬಂದಾಗ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎತ್ತಲಾಗದೆ ಬಾಗಿಲ ಕಂಬ ಹಿಡಿದು ಹಾಗೇ ನಿಂತುಬಿಡುತ್ತಾರೆ. ಕಂಡಕ್ಟರ್ ಕೈ ಕೊಡುತ್ತಾರೆ, ಹಿಂದಿನವರು ಗಡಿಬಿಡಿ ಮಾಡುತ್ತಾರೆ. ಬಸ್ ಯಾವುದು ಅಂತ ಕಾಗದದಲ್ಲಿ ಹುಡುಕಿದೆ, ಎಲ್ಲೂ ಬರೆದಿಲ್ಲ. ಕೇಳುತ್ತೇನೆ. ದಾಟುವ ಪಥ ನಕ್ಷೆಯಲ್ಲಿ ಐದು ನಿಲ್ದಾಣಕ್ಕೆ ಮಾತ್ರ ಇದೆ, ಎಲ್ಲವೂ ನಗರದ ನಡುವೆ.

ಇದೆಲ್ಲ ಓದಿದ ಮೇಲೆ ಒಂದನೇ ಆಯ್ಕೆಯ ಕಡೆ ಮನಸ್ಸು ವಾಲುತ್ತಿದೆ. ಆದರೆ ನೇರ ಬಸ್ ಕೈತಪ್ಪುತ್ತದಲ್ಲ ಅನ್ನುವುದು ಚುಚ್ಚುತ್ತಿದೆ. ಬೆಳಿಗ್ಗೆ ಹೇಗಾದರೂ ಆಗುತ್ತದೆ. ರಾತ್ರಿ 9ಕ್ಕೆ ಬಿಟ್ಟು, ಕೊನೆಯ ನಿಲ್ದಾಣಕ್ಕೆ ಬಂದು, ಅಲ್ಲಿ ಫೀಡರ್‌ಗೆ ಕಾಯುವುದು ಹೇಗೆ? ನಮ್ಮ ಪಾಳಿಯಲ್ಲಿ ಬಿಡುವವರು ಹೆಚ್ಚಾಗಿ ಹೆಂಗಸರೇ.

ಶೆಡ್ಯೂಲ್ ಬರೆದವನು:

ನೀವು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಬದಲಾಯಿಸುವುದು ಎರಡೂ ದಿಕ್ಕಿಗೆ ಒಂದೇ ಅಂತ ಕಾಗದದಲ್ಲಿ ತೋರಿಸುತ್ತಾರೆ, ಒಂದೇ ಅಲ್ಲ. ಹೋಗುವಾಗ ಫೀಡರ್ ಇಳಿದ ಎರಡೂವರೆ ನಿಮಿಷಕ್ಕೆ ದೊಡ್ಡ ಬಸ್ ಸಿಗುತ್ತದೆ. ಬರುವಾಗ ದೊಡ್ಡ ಬಸ್ ಇಳಿದು, 15 ನಿಮಿಷಕ್ಕೊಂದು ಬರುವ ಫೀಡರ್‌ಗೆ ಸರಾಸರಿ ಏಳೂವರೆ ನಿಮಿಷ ಕಾಯಬೇಕು. ರಾತ್ರಿ ಫೀಡರ್ ಅರ್ಧ ಗಂಟೆಗೊಂದಾದರೆ ಕೇಳುವುದೇ ಬೇಡ.

ಇದಕ್ಕೆ ಪರಿಹಾರ ಇದೆ, ಬಸ್ ಜಾಸ್ತಿ ಬೇಕಾಗಿಲ್ಲ. ರಾತ್ರಿ 8ರ ನಂತರ ದೊಡ್ಡ ಬಸ್ಸೇ 10 ಅಥವಾ 15 ನಿಮಿಷಕ್ಕೊಂದು ಆಗುತ್ತದೆ. ಆಗ ಅದನ್ನು ಗಂಟೆಯ ಅದದೇ ನಿಮಿಷಕ್ಕೆ ಕಟ್ಟಿ ಹಾಕಬೇಕು. 9:05, 9:20, 9:35, 9:50. ಮುಂದಿನ ಗಂಟೆಯೂ ಹಾಗೇ. ಫೀಡರ್ ಕೊನೆಯ ನಿಲ್ದಾಣದಲ್ಲಿ ನಿಂತಿರಬೇಕು, ದೊಡ್ಡ ಬಸ್ ಬಂದು ಜನ ಹತ್ತಿದ ಮೇಲೇ ಹೊರಡಬೇಕು. ದೊಡ್ಡ ಬಸ್ 4 ನಿಮಿಷ ತಡವಾದರೆ ಇದೂ 4 ನಿಮಿಷ ನಿಲ್ಲಬೇಕು. ರೈಲಿನಲ್ಲಿ ಜೋಡಿ ಗಾಡಿಗೆ ಕಾಯುವುದಿಲ್ಲವಾ, ಹಾಗೇ. ಇದು ಡ್ರೈವರ್‌ನ ಒಳ್ಳೆಯತನಕ್ಕೆ ಬಿಡುವ ವಿಷಯ ಅಲ್ಲ. ಡ್ಯೂಟಿ ಚೀಟಿಯಲ್ಲೇ 'ಇಂಥ ಬಸ್ ಬರುವ ತನಕ ನಿಲ್ಲತಕ್ಕದ್ದು' ಅಂತ ಬರೆದಿರಬೇಕು. ಬರೆಯದಿದ್ದರೆ ಸಮಯ ಆಯಿತು ಅಂತ ಹೊರಡುವವರದ್ದು ತಪ್ಪು ಅನ್ನಲಾಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಒಂದನೇ ಆಯ್ಕೆಯನ್ನೇ ಬುನಾದಿ ಮಾಡಿಕೊಂಡು, ನಿಮ್ಮ ಬಡಾವಣೆಯಂಥ ಒಂದೆರಡು ಕಡೆಗೆ ಲೈನಿನ ಬಸ್ಸನ್ನೇ ಆ 3 ಕಿ.ಮೀ. ಮುಂದಕ್ಕೆ ಕಳಿಸಬಹುದು. ಪ್ರತಿ ಬಸ್ಸೂ ಬೇಡ, ಮೂರಕ್ಕೆ ಒಂದು ಸಾಕು. ಹೊರಗಿನ 3 ಕಿ.ಮೀ. ಹೋಗಿ ಬರಲು ಸುಮಾರು 24 ನಿಮಿಷ. 15 ನಿಮಿಷಕ್ಕೊಂದು ಕಳಿಸಲು ಎರಡು ಬಸ್ ಸಾಕು. ಅಲ್ಲಿನ ಫೀಡರ್‌ಗೆ ಇಟ್ಟಿರುವ ಬಸ್ಸನ್ನೇ ಇದಕ್ಕೆ ಕೊಟ್ಟರೆ ಹೆಚ್ಚಿನ ಖರ್ಚು ಕಡಿಮೆ. ಷರತ್ತು ಒಂದೇ, ಎರಡೂ ಬದಿ ಬಾಗಿಲಿರುವ ಬಸ್ ಬೇಕು. ಸಮತಟ್ಟು ಅವರು ಕೇಳಿದ ಪ್ರಶ್ನೆಗೆ ಉತ್ತರ ಬರದೆ ಇದು ಆಗುವುದಿಲ್ಲ. ಹೊರಗಿನ ತಡ ಒಳಗೆ ಬರಬಾರದು ಅಂತ ವಾಪಸ್ ಬರುವಾಗ ಲೈನಿನ ತುದಿಯಲ್ಲಿ ಎರಡು ಮೂರು ನಿಮಿಷದ ಬಿಡುವು ಇಡಬೇಕು.

ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿ ಅಷ್ಟಕ್ಕೇ ಬಿಡಬೇಡಿ. ಕಾಗದದಲ್ಲಿ ಅಂಕಿ ಕೇಳಿ. ನಿಮ್ಮ ಆಸ್ಪತ್ರೆ ನಿಲ್ದಾಣದಲ್ಲಿ ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಎಷ್ಟು ನಿಮಿಷಕ್ಕೊಂದು ಬಸ್? ನಾಲ್ಕೂ ಆಯ್ಕೆಗೆ ಬೇರೆ ಬೇರೆಯಾಗಿ ಕೊಡಲಿ. ಕೊನೆಯ ಬಸ್ ಎಷ್ಟಕ್ಕೆ, ಅದಕ್ಕೆ ಫೀಡರ್ ಇದೆಯಾ? ಸರಾಸರಿ ವೇಗ ಅನ್ನುವುದು ಓಡುತ್ತಿರುವ ಬಸ್ಸಿನ ಅಂಕಿ, ನಿಂತು ಕಾಯುವವರು ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಪಾಳಿಯವಳು:

ಕರಡು ಬರೆದಿದ್ದೇನೆ. ಒಂದನೇ ಆಯ್ಕೆ, ಜೊತೆಗೆ ಮೂರಕ್ಕೆ ಒಂದು ಬಸ್ ನಮ್ಮ ಬಡಾವಣೆಯ ತನಕ. ರಾತ್ರಿ 8ರ ಮೇಲೆ ನಿಗದಿ ನಿಮಿಷ, ಫೀಡರ್ ಕಾಯಬೇಕು ಅನ್ನುವುದು ಡ್ಯೂಟಿ ಚೀಟಿಯಲ್ಲೇ ಇರಬೇಕು. ಟಿಕೆಟ್ ನಿಲ್ದಾಣದಲ್ಲೇ. ಎರಡೂ ಬದಿ ಬಾಗಿಲು, ಸಮ ನೆಲ, ಬದಲಾಯಿಸುವುದು ಒಂದೇ ಪ್ಲಾಟ್‌ಫಾರ್ಮಿನಲ್ಲಿ. ಮೂರು ಹೊತ್ತಿನ ಅಂಕಿ ಕೇಳಿದ್ದೇನೆ. ಇವತ್ತು ರಾತ್ರಿ ಪಾಳಿಯವರಿಗೆ ಓದಿ ಹೇಳಿ ಸಹಿ ಹಾಕಿಸುತ್ತೇನೆ. ಬಡಾವಣೆಯ ಗುಂಪಿಗೂ ಕಳಿಸುತ್ತೇನೆ, ಎಕ್ಸ್‌ಪ್ರೆಸ್‌ಗೆ ಕೈ ಎತ್ತಿದವರು ಅಲ್ಲೇ ಇದ್ದಾರೆ.

ತುದಿಯಿಂದ ತುದಿ:

ನನ್ನ ಸಹಿಯೂ ಇರಲಿ, ಆದರೆ ಒಂದು ಸಾಲು ಸೇರಿಸಿ. ಮುಂದೆ ಜನ ಹೆಚ್ಚಾಗಿ ಬಸ್ 3 ನಿಮಿಷಕ್ಕೊಂದು ಆದ ದಿನ, ಅದಕ್ಕಿಂತ ಮೇಲೆ ಬರುವ ಹೊಸ ಬಸ್ಸುಗಳನ್ನು ಎಕ್ಸ್‌ಪ್ರೆಸ್‌ಗೆ ಕೊಡಬೇಕು. ಅದಕ್ಕೆ ಬೇಕಾದ ದಾಟುವ ಪಥದ ಜಾಗವನ್ನು ಈಗಲೇ ಉಳಿದ ದೊಡ್ಡ ನಿಲ್ದಾಣಗಳ ಹತ್ತಿರವೂ ಬಿಡಿಸಿಕೊಳ್ಳಿ. ಕಾಂಕ್ರೀಟ್ ಹಾಕಿದ ಮೇಲೆ ಆ ಜಾಗ ಮತ್ತೆ ಸಿಗುವುದಿಲ್ಲ.

ಶೆಡ್ಯೂಲ್ ಬರೆದವನು:

ಆ ಸಾಲು ಖಂಡಿತ ಸೇರಿಸಿ. ಅದನ್ನು ಮೊದಲ ಪುಟದಲ್ಲೇ ಹಾಕಿ.